150ರ ಕ್ಯಾನೊಪಿ (ಪ್ಯಾರಾಶೂಟಿನ ರೆಕ್ಕೆ) ಕೊಳ್ಳಲೇ, 170ಕ್ಕೇ ಹೊಸ ಲೈನ್ (ಹಗ್ಗ) ಹಾಕಿಸಲೇ?

ಎರೆಹೊಲ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಮೂರು ಜಿಲ್ಲೆಗಳಲ್ಲಿ ಸ್ಕೈಡೈವಿಂಗ್ ಮಾಡುವವರು ಬೆರಳೆಣಿಕೆಯಷ್ಟು ಮಂದಿ. ಅವರೆಲ್ಲ ಇಲ್ಲೇ ಇರುವುದರಿಂದ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ.

ನಾನು ಕೊಲ್ಲಿಯಲ್ಲಿ ಕೆಲಸದಲ್ಲಿದ್ದಾಗ ಕಲಿತವನು. ಸಿ ಪರವಾನಗಿ ಇದೆ. ಅಲ್ಲಿ ವಾರಾಂತ್ಯ ಬಂದರೆ ಮರುಭೂಮಿಯ ಡ್ರಾಪ್ ಝೋನ್‌ನಲ್ಲೇ (ಜಿಗಿದು ಇಳಿಯುವ ಮೈದಾನ) ಬೀಡು. ಈಗ ಊರಿಗೆ ಮರಳಿದ್ದೇನೆ. ಚಳಿಗಾಲದಲ್ಲಿ ಹರಿಯಾಣದ ನಾರ್ನೌಲ್‌ಗೆ, ಅಪರೂಪಕ್ಕೆ ಥಾಯ್ಲೆಂಡಿಗೆ ಹೋಗಿ ಆಸೆ ತೀರುವಷ್ಟು ಜಿಗಿದು ಬರುತ್ತೇನೆ. ಉಳಿದ ತಿಂಗಳೆಲ್ಲ ರಿಗ್ (ಬೆನ್ನಿಗೆ ಕಟ್ಟಿಕೊಳ್ಳುವ ಇಡೀ ಪ್ಯಾರಾಶೂಟ್ ಸಲಕರಣೆ) ಕಪಾಟಿನಲ್ಲಿ.

ನನ್ನ ಮೇನ್ (ಮುಖ್ಯ ಕ್ಯಾನೊಪಿ) 170 ಚದರ ಅಡಿಯದು, ಒಂಬತ್ತು ಕೋಶದ್ದು. ಬಟ್ಟೆಗೆ ಏನೂ ಆಗಿಲ್ಲ, ಲೈನ್‌ಗಳು ಸವೆದಿವೆ. ಅಷ್ಟರಲ್ಲಿ ಕೊಲ್ಲಿಯ ಹಳೆಯ ಜೊತೆಗಾರನೊಬ್ಬ ತನ್ನ ಪೂರ್ತಿ ರಿಗ್ ಮಾರುತ್ತಿದ್ದಾನೆ. 150ರ ಮೇನ್, 143ರ ರಿಸರ್ವ್ (ಮೇನ್ ಕೈಕೊಟ್ಟರೆ ತೆರೆಯುವ ಎರಡನೆಯ ಕ್ಯಾನೊಪಿ), ಆಯುಷ್ಯ ಉಳಿದಿರುವ ಸೈಪ್ರೆಸ್ (ನಾವು ಎಳೆಯದಿದ್ದರೆ ತಾನಾಗಿ ರಿಸರ್ವ್ ತೆರೆಯುವ ಪೆಟ್ಟಿಗೆ), ಸ್ಕೈಹುಕ್ (ಕಳಚಿದ ಮೇನ್‌ನ ಎಳೆತದಿಂದಲೇ ರಿಸರ್ವ್ ಬೇಗ ತೆರೆಸುವ ಜೋಡಣೆ) ಇರುವ ಕಂಟೇನರ್ (ಎಲ್ಲವನ್ನೂ ಮಡಚಿಡುವ ಬೆನ್ನುಚೀಲ). ಕೇಳುತ್ತಿರುವುದು ಹೊಸದರ ಅರ್ಧ ಬೆಲೆಗಿಂತ ಕಡಿಮೆ. ನನ್ನ ತೂಕ 78 ಕಿಲೋ, ಸಲಕರಣೆ ಸೇರಿದರೆ 90, ಅಂದರೆ 198 ಪೌಂಡ್. ವಿಂಗ್ ಲೋಡಿಂಗ್ (ಚದರ ಅಡಿಗೆ ಎಷ್ಟು ಪೌಂಡ್ ಭಾರ) 170ರಲ್ಲಿ 1.16 ಇದ್ದದ್ದು 150ರಲ್ಲಿ 1.32 ಆಗುತ್ತದೆ. ಬೆಲ್ಲಿ ಹಾರಾಟವೇ (ಹೊಟ್ಟೆ ಕೆಳಗೆ ಮಾಡಿ ಬೀಳುವುದು) ಹೆಚ್ಚು, ಈಚೆಗೆ ಫ್ರೀಫ್ಲೈ (ಕುಳಿತೋ ತಲೆಕೆಳಗಾಗಿಯೋ ಬೀಳುವುದು) ಕಲಿಯಲು ಶುರು ಮಾಡಿದ್ದೇನೆ. ಸ್ವೂಪಿಂಗ್ (ಕಡಿದಾದ ತಿರುವಿನಿಂದ ವೇಗವಾಗಿ ನೆಲ ಸವರಿ ಇಳಿಯುವ) ಹುಚ್ಚು ಇಲ್ಲ.

ಯಾವುದು ಸರಿ ಹೇಳಿ. "ಜಿಗಿಯುವುದನ್ನೇ ಬಿಟ್ಟುಬಿಡು" ಎಂಬ ಸಲಹೆ ಮನೆಯಲ್ಲಿ ಊಟದ ಜೊತೆಗೇ ಬಡಿಸಲಾಗುತ್ತದೆ, ಇಲ್ಲಿ ಬೇಡ.

ಬಿಸಿಲುನಾಡು, ಕಲಬುರಗಿ

ಇದರಲ್ಲಿ ಯೋಚಿಸುವುದೇನಿದೆ? ಕೊಳ್ಳಿ. ಸಿ ಪರವಾನಗಿಯವರಿಗೆ 1.32 ಯಾವ ಲೆಕ್ಕ? ಹೊಸ ರಿಗ್ ಪೂರ್ತಿ ತರಿಸಿದರೆ ಎಂಟು ಲಕ್ಷದ ಆಸುಪಾಸಿಗೆ ಹೋಗುತ್ತದೆ, ಮೇಲೆ ಸುಂಕ ಬೇರೆ. ಇಂಥ ಅವಕಾಶ ಮನೆ ಬಾಗಿಲಿಗೆ ಎರಡು ಸಲ ಬರುವುದಿಲ್ಲ.

ಕೋಟೆಮಾಳಿಗೆ, ಬೀದರ್

ಅವರು ಏಕೆ ಮಾರುತ್ತಿದ್ದಾರೆ ಎಂದು ಕೇಳಿದಿರಾ?

ಎರೆಹೊಲ, ಕಲಬುರಗಿ

ಮಗು ಹುಟ್ಟಿದೆ. ಹೆಂಡತಿ ಒಂದೇ ಮಾತು ಹೇಳಿದಳಂತೆ.

ಕೋಟೆಮಾಳಿಗೆ, ಬೀದರ್

ಹಾಗಾದರೆ ರಿಗ್‌ನಲ್ಲಿ ದೋಷವಿಲ್ಲ.

ಮೂರುಂಗುರ, ಮೂಲ ಬೀದರ್, ಈಗ ಹೈದರಾಬಾದ್

ಬಿಸಿಲುನಾಡು ಅವರು ಹೆಸರಿನಲ್ಲಿ ಬಿಸಿಲು ಇಟ್ಟುಕೊಂಡು ಲೆಕ್ಕದಲ್ಲಿ ಬಿಸಿಲನ್ನೇ ಬಿಟ್ಟಿದ್ದಾರೆ.

ಕ್ಯಾನೊಪಿಯ ವೇಗ ವಿಂಗ್ ಲೋಡಿಂಗಿನ ವರ್ಗಮೂಲದ ಜೊತೆ ಏರುತ್ತದೆ. 170 ಬಿಟ್ಟು 150ಕ್ಕೆ ಬಂದರೆ ಅದೇ ಮನುಷ್ಯ ಸುಮಾರು ಶೇಕಡಾ 6.5ರಷ್ಟು ವೇಗವಾಗಿ ಹಾರುತ್ತಾನೆ. ಇನ್ನು ಗಾಳಿಗೆ ಬನ್ನಿ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳಲ್ಲಿ 42 ಡಿಗ್ರಿ ಇದ್ದಾಗ ಇಲ್ಲಿನ ನೆಲದ ಮೇಲಿನ ಗಾಳಿ ಎಷ್ಟು ತೆಳುವಾಗಿರುತ್ತದೆ ಎಂದರೆ, ಅದು 5000 ಅಡಿ ಎತ್ತರದಲ್ಲಿನ ಸಾಮಾನ್ಯ ಗಾಳಿಗೆ ಸಮ. ತೆಳು ಗಾಳಿಯಲ್ಲಿ ಅದೇ ಭಾರ ಎತ್ತಲು ರೆಕ್ಕೆ ಹೆಚ್ಚು ವೇಗವಾಗಿ ಓಡಬೇಕು. ಕಡಲ ತೀರದಲ್ಲಿ, ಜನವರಿಯ 20 ಡಿಗ್ರಿ ಬೆಳಿಗ್ಗೆ ಹಾರಿದ್ದಕ್ಕೆ ಹೋಲಿಸಿದರೆ ವ್ಯತ್ಯಾಸ ಶೇಕಡಾ 6.5ರಿಂದ 7. ಅಂದರೆ ಕೊಲ್ಲಿಯ ಚಳಿಗಾಲದಲ್ಲಿ 150 ಎಷ್ಟು ವೇಗವಾಗಿ ಇಳಿಯುತ್ತದೆಯೋ, ನಮ್ಮ ಬೇಸಿಗೆಯಲ್ಲಿ ನಿಮ್ಮ ಹಳೆಯ 170 ಅಷ್ಟೇ ವೇಗವಾಗಿ ಇಳಿಯುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಡೌನ್‌ಸೈಜ್ ಆದ (ಚಿಕ್ಕ ಕ್ಯಾನೊಪಿಗೆ ಇಳಿದ) ಹಾಗೆ.

ಎರೆಹೊಲ ಅವರು ಕಲಿತದ್ದೆಲ್ಲ ಸಮುದ್ರ ಮಟ್ಟದ ದಪ್ಪ ಗಾಳಿಯಲ್ಲಿ. ಫ್ಲೇರ್ (ನೆಲ ಮುಟ್ಟುವ ಮುನ್ನ ಬ್ರೇಕ್ ಎಳೆದು ವೇಗ ತಗ್ಗಿಸುವುದು) ಯಾವಾಗ ಮಾಡಬೇಕು ಎಂಬ ಅಂದಾಜು ಕಣ್ಣಿಗೆ ಅಲ್ಲಿ ಕೂತದ್ದು.

ಬಿಸಿಲುನಾಡು, ಕಲಬುರಗಿ

ವರ್ಗಮೂಲಕ್ಕೆ ನಮಸ್ಕಾರ. ಆದರೆ ಸ್ವಾಮಿ, ಕಲಬುರಗಿಯಲ್ಲಿ ಡ್ರಾಪ್ ಝೋನ್ ಎಲ್ಲಿದೆ? ಮೇ ತಿಂಗಳಲ್ಲಿ ಇಲ್ಲಿ ಕಾಗೆಯೂ ಹಾರುವುದಿಲ್ಲ. ಅವರು ಹೋಗುವುದು ಚಳಿಗಾಲದ ನಾರ್ನೌಲ್‌ಗೆ. ಇಲ್ಲದ ಊರಿನ ಬಿಸಿಲು ತೋರಿಸಿ ಜನರನ್ನು ಹೆದರಿಸಬೇಡಿ.

ಮೂರುಂಗುರ, ಮೂಲ ಬೀದರ್, ಈಗ ಹೈದರಾಬಾದ್

ಥಾಯ್ಲೆಂಡ್ ಎಂದು ಅವರೇ ಬರೆದಿದ್ದಾರೆ, ಓದಿ. 33 ಡಿಗ್ರಿಯಲ್ಲಿ ಈ ವ್ಯತ್ಯಾಸದ ಮೂರನೇ ಒಂದು ಪಾಲು ಅಲ್ಲೂ ಇದೆ. ಮೇಲಾಗಿ ಕ್ಯಾನೊಪಿಯನ್ನು ಒಂದು ಋತುವಿಗೆಂದು ಯಾರೂ ಕೊಳ್ಳುವುದಿಲ್ಲ.

ಹಗುರಹಕ್ಕಿ, ಸೇಡಂ

ಇಬ್ಬರೂ ವೇಗವನ್ನೇ ಹಿಡಿದು ಜಗ್ಗುತ್ತಿದ್ದೀರಿ. ಕ್ಯಾನೊಪಿ ಚಿಕ್ಕದಾದರೆ ಲೈನ್‌ಗಳೂ ಗಿಡ್ಡವಾಗುತ್ತವೆ. ಲೈನ್ ಗಿಡ್ಡವಾದರೆ ತಿರುವು ಚುರುಕು. ಅದು ವರ್ಗಮೂಲದ ಲೆಕ್ಕಕ್ಕೆ ಸಿಗುವುದಿಲ್ಲ. ನಾನು 52 ಕಿಲೋ, ಸಲಕರಣೆ ಸೇರಿ 63. 135ರ ಕ್ಯಾನೊಪಿಯಲ್ಲಿ ನನ್ನ ಲೋಡಿಂಗ್ ಬರೀ 1.03. ಕಾಗದದ ಮೇಲೆ ವಿದ್ಯಾರ್ಥಿಯ ಅಂಕಿ! ಆದರೆ ಅದು 170ರಲ್ಲಿ 1.03 ಇರುವವರ ಕ್ಯಾನೊಪಿಗಿಂತ ಬಹಳ ತುಂಟ. 1.0, 1.2, 1.3 ಎಂದು ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವವರಿಗೆ ಹಗುರ ಜನರ ಕಷ್ಟ ತಿಳಿಯುವುದಿಲ್ಲ.

ಇನ್ನೊಂದು ಕೇಳಬೇಕಿತ್ತು. ಮಾರುವವರು ನಿಮ್ಮಷ್ಟೇ ಎತ್ತರವೇ?

ಭೀಮಾತೀರ, ಯಾದಗಿರಿ

ನಾನು ಹೊಲ ಮಾಡುವವನು. ತೊಗರಿ ರಾಶಿ ಮುಗಿದು ಕೈಗೆ ಹಣ ಬಂದ ಮೇಲೆಯೇ ನನ್ನ ಸೀಸನ್ ಶುರು. ಹಾಗಾಗಿ ತಿಂಗಳುಗಟ್ಟಲೆ ಜಿಗಿಯದೆ ಇದ್ದು ಹೋಗುವವರ ಕಡೆಯಿಂದ ಎರಡು ಮಾತು.

ಪರವಾನಗಿಯ ಅಕ್ಷರ ನೋಡಿ ಮೋಸ ಹೋಗಬೇಡಿ. ಸಿ ಎಂದರೆ 200 ಜಿಗಿತ, ಡಿ ಎಂದರೆ 500. ಅದು ಹಿಂದೆ ಮಾಡಿದ್ದರ ಲೆಕ್ಕ, ಕಳೆದ ಆರು ತಿಂಗಳಲ್ಲಿ ಏನು ಮಾಡಿದಿರಿ ಎಂಬುದನ್ನು ಅದು ಹೇಳುವುದಿಲ್ಲ. ಅಮೆರಿಕದ ಪ್ಯಾರಾಶೂಟ್ ಸಂಸ್ಥೆಯೇ ಸಿ, ಡಿ ಪರವಾನಗಿಯವರು ಆರು ತಿಂಗಳು ಜಿಗಿಯದಿದ್ದರೆ ಬೋಧಕರ ಕಣ್ಣೆದುರು ಒಂದು ಜಿಗಿತ ಮಾಡಿ ಮುಂದುವರಿಯಿರಿ ಎನ್ನುತ್ತದೆ. ಕೈಗೆ ಅಭ್ಯಾಸ ತಪ್ಪಿದವನು ಮೊದಲ ಜಿಗಿತಕ್ಕೇ ಹೊಸ ಕ್ಯಾನೊಪಿ, ಹೊಸ ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿಗಳು), ಹೊಸ ಹಿಡಿಕೆ ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಳ್ಳಬಾರದು.

ನಾನು ಪ್ರತಿ ಸೀಸನ್ನಿನ ಮೊದಲ ಜಿಗಿತ 5000 ಅಡಿಯಿಂದ ಮಾಡುತ್ತೇನೆ. ಹೊರಬಿದ್ದ ಕೂಡಲೇ ತೆರೆದು ಕ್ಯಾನೊಪಿ ಜೊತೆಗೇ ಕಾಲ ಕಳೆಯುತ್ತೇನೆ. ಬ್ರೇಕ್ ಎಳೆದು ಸ್ಟಾಲ್ (ರೆಕ್ಕೆ ಹಾರುವುದು ನಿಲ್ಲಿಸಿ ಕುಸಿಯುವುದು) ಎಲ್ಲಿ ಶುರುವಾಗುತ್ತದೆ ನೋಡುವುದು, ಹಿಂದಿನ ರೈಸರ್‌ನಿಂದ (ಲೈನ್‌ಗಳನ್ನು ಭುಜಕ್ಕೆ ಸೇರಿಸುವ ಪಟ್ಟಿ) ತಿರುಗುವುದು, ಗಾಳಿಯಲ್ಲೇ ಹತ್ತಾರು ಫ್ಲೇರ್. ಅಗ್ಗ, ಸುಖ. ಫ್ರೀಫಾಲ್ ಇಲ್ಲದ ಜಿಗಿತ ಉಪ್ಪಿಲ್ಲದ ಊಟ ಎನ್ನುವವರು ಒಮ್ಮೆ ಮಾಡಿ ನೋಡಲಿ.

ಹೊಸಬ, ಶಹಾಪುರ

ನಮಸ್ಕಾರ, ನಾನು ಟ್ಯಾಂಡೆಮ್ (ಬೋಧಕರಿಗೆ ಕಟ್ಟಿಕೊಂಡು ಜಿಗಿಯುವುದು) ಮಾತ್ರ ಮಾಡಿದ್ದೇನೆ. ದಡ್ಡ ಪ್ರಶ್ನೆ: ಎರಡೂ ಪ್ಯಾರಾಶೂಟ್ ತೆರೆಯದಿದ್ದರೆ?

ಬಿಸಿಲುನಾಡು, ಕಲಬುರಗಿ

ಆಗ ವಿಂಗ್ ಲೋಡಿಂಗಿನ ಚಿಂತೆ ಇರುವುದಿಲ್ಲ.

ಹಗುರಹಕ್ಕಿ, ಸೇಡಂ

ಹೊಸಬರನ್ನು ಹೀಗೆ ಓಡಿಸಬೇಡಿ. ಶಹಾಪುರದವರೇ, ರಿಸರ್ವ್ ತೆರೆಯದೇ ಹೋಗುವುದು ತೀರಾ ಅಪರೂಪ. ಅದನ್ನು ಪರವಾನಗಿ ಪಡೆದ ರಿಗ್ಗರ್ (ಪ್ಯಾರಾಶೂಟ್ ಮಡಚಿ ದುರಸ್ತಿ ಮಾಡುವವರು) ಮಾತ್ರ ಮಡಚಿ ಮುದ್ರೆ ಹಾಕುತ್ತಾರೆ. ಅಮೆರಿಕದ ನಿಯಮದಲ್ಲಿ ಜಿಗಿದರೂ ಜಿಗಿಯದಿದ್ದರೂ 180 ದಿನಕ್ಕೊಮ್ಮೆ ಅದನ್ನು ತೆರೆದು, ಪರೀಕ್ಷಿಸಿ, ಮತ್ತೆ ಮಡಚಬೇಕು. ನಿಜವಾದ ಅಪಾಯ ಬೇರೆ ಕಡೆ ಇದೆ. ಚೆನ್ನಾಗಿ ತೆರೆದ ಕ್ಯಾನೊಪಿಯ ಕೆಳಗೆ, ನೆಲದ ಹತ್ತಿರ, ಗಾಬರಿಯಿಂದ ತಿರುವು ತೆಗೆದುಕೊಂಡು ಕಾಲು ಬೆನ್ನು ಮುರಿದುಕೊಂಡ ಅನುಭವಿಗಳು ಎಷ್ಟೋ ಮಂದಿ. ಅದಕ್ಕೇ ನಾವು ಗಾತ್ರದ ಬಗ್ಗೆ ಇಷ್ಟು ಜಗಳವಾಡುವುದು.

ಎರೆಹೊಲ, ಕಲಬುರಗಿ

ಹಗುರಹಕ್ಕಿ ಅವರಿಗೆ: ಆತ ಆರಡಿ. ನಾನು ಐದಡಿ ಏಳು ಇಂಚು. ಅದು ಮುಖ್ಯವೇ? ಪಟ್ಟಿಗಳನ್ನು ಬಿಗಿ ಮಾಡಿಕೊಂಡರೆ ಆಗುವುದಿಲ್ಲವೇ?

ಹಗುರಹಕ್ಕಿ, ಸೇಡಂ

ಆಗುವುದಿಲ್ಲ! ಕಾಲಿನ ಪಟ್ಟಿ, ಎದೆಯ ಪಟ್ಟಿ ಬಿಗಿಯಾಗುತ್ತವೆ. ಆದರೆ ಭುಜದಿಂದ ಸೊಂಟಕ್ಕೆ ಇಳಿಯುವ ಮುಖ್ಯ ಪಟ್ಟಿ ಹೊಲಿದ ಉದ್ದದ್ದೇ. ಅದು ಉದ್ದವಾದರೆ ಕ್ಯಾನೊಪಿ ತೆರೆದಾಗ ಮೇನ್ ಕಳಚಲು ಇರುವ ಮೂರು ಉಂಗುರ ಹೆಗಲೆಲುಬಿನ ಹತ್ತಿರ ನಿಲ್ಲದೆ ಕಿವಿಯ ಮಟ್ಟಕ್ಕೆ ಏರುತ್ತದೆ. ಟಾಗಲ್‌ಗಳಿಗೆ (ಬ್ರೇಕ್ ಹಿಡಿಕೆಗಳು) ಕೈ ಎಟುಕಿಸಬೇಕಾಗುತ್ತದೆ, ಎದೆಯ ಪಟ್ಟಿ ಗಂಟಲಿಗೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ಫ್ರೀಫಾಲ್‌ನಲ್ಲಿ ಹಾರ್ನೆಸ್ ಮೈ ಮೇಲೆ ಜಾರಾಡಿದರೆ ಹಿಡಿಕೆಗಳು ನೀವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ಕಟ್‌ಅವೇ ಮಾಡಬೇಕಾದ (ಕೈಕೊಟ್ಟ ಮೇನ್ ಕಳಚಬೇಕಾದ) ಹೊತ್ತಿನಲ್ಲಿ ಬಲಗಡೆಯ ಹಿಡಿಕೆಯನ್ನು ಪಕ್ಕೆಯಲ್ಲಿ ತಡಕಾಡುತ್ತಾ ಕೂರುತ್ತೀರಾ?

ನನ್ನಂಥವರಿಗೆ ಸೆಕೆಂಡ್ ಹ್ಯಾಂಡ್ ರಿಗ್ ಸಿಗದೇ ಇರುವುದು ಇದೇ ಕಾರಣಕ್ಕೆ. ಮಾರಾಟಕ್ಕೆ ಬರುವುದೆಲ್ಲ ಎತ್ತರದ ಗಂಡಸರ ಅಳತೆ. ಅಳತೆ ಕೊಟ್ಟು ಹೊಸದನ್ನೇ ಹೊಲಿಸಿದೆ, ತಿಂಗಳುಗಟ್ಟಲೆ ಕಾದೆ. ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದ ಮೇಲೆ, 2006ರಲ್ಲಿ ದಕ್ಷಿಣ ಧ್ರುವದ ಮೇಲೆ ಜಿಗಿದವರು, ಅವರಿಗಿಂತ ಮೊದಲೇ ರೇಚಲ್ ಥಾಮಸ್ 2002ರಲ್ಲಿ ಉತ್ತರ ಧ್ರುವಕ್ಕೆ ಹೋಗಿ ಬಂದಿದ್ದರು. ಇಷ್ಟಾದರೂ ಮಾರುಕಟ್ಟೆಗೆ ಹೆಂಗಸರ ಅಳತೆ ಇನ್ನೂ ವಿಶೇಷ ಆರ್ಡರೇ.

ಬಿಸಿಲುನಾಡು, ಕಲಬುರಗಿ

ಹಾರ್ನೆಸ್ ಬಿಚ್ಚಿ ಮತ್ತೆ ಹೊಲಿಯುವ ಮಾಸ್ಟರ್ ರಿಗ್ಗರ್‌ಗಳಿದ್ದಾರೆ. ಅದೊಂದು ನೆಪ. ಅಷ್ಟೂ ಬೇಡವೆಂದರೆ 150ರ ಮೇನ್ ಒಂದನ್ನೇ ಕೊಂಡು ಹಳೆಯ ಕಂಟೇನರ್‌ಗೆ ತುಂಬಿಕೊಳ್ಳಿ.

ಮೂರುಂಗುರ, ಮೂಲ ಬೀದರ್, ಈಗ ಹೈದರಾಬಾದ್

ಇಂಥ ಸಲಹೆಗೆ ಏನು ಹೇಳಲಿ!

170ಕ್ಕೆ ಅಳೆದು ಹೊಲಿದ ಕಂಟೇನರ್‌ನಲ್ಲಿ 150 ತುಂಬಿದರೆ ಚೀಲ ಸಡಿಲ. ಕ್ಲೋಸಿಂಗ್ ಲೂಪ್ (ಚೀಲ ಮುಚ್ಚಿಡುವ ದಾರದ ಕುಣಿಕೆ) ಮೇಲೆ ಒತ್ತಡವಿರುವುದಿಲ್ಲ. ಒತ್ತಡವೇ ಪಿನ್ನನ್ನು ಹಿಡಿದಿಡುವುದು. ಲೂಪ್ ಗಿಡ್ಡ ಮಾಡಿಕೊಳ್ಳಬಹುದು, ಕೆಲವು ಕಂಟೇನರ್‌ಗಳು ಒಂದು ಗಾತ್ರ ಹೆಚ್ಚು ಕಡಿಮೆಯಾದರೆ ತಾಳಿಕೊಳ್ಳುತ್ತವೆ ಕೂಡ. ತಯಾರಕರ ಗಾತ್ರದ ಪಟ್ಟಿ ನೋಡಿ ನಿರ್ಧರಿಸಬೇಕು, "ತುಂಬಿಕೊಳ್ಳಿ" ಎಂದು ಕೈ ಬೀಸಿ ಹೇಳುವ ಮಾತಲ್ಲ. ಫ್ರೀಫ್ಲೈ ಕಲಿಯುತ್ತಿದ್ದೇನೆ ಎಂದು ಅವರು ಬರೆದಿದ್ದಾರೆ. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ಗಂಟೆಗೆ 190-200 ಕಿಲೋಮೀಟರ್. ಕುಳಿತೋ ತಲೆಕೆಳಗಾಗಿಯೋ ಬೀಳುವಾಗ 250 ದಾಟುತ್ತದೆ. ಆ ವೇಗದಲ್ಲಿ ಪಿನ್ ತಾನಾಗಿ ಜಾರಿ ಮೇನ್ ತೆರೆದುಕೊಂಡರೆ ಬಟ್ಟೆ ಹರಿಯಬಹುದು, ಕುತ್ತಿಗೆಗೂ ಅಪಾಯ. ಮೇಲೆ ಇನ್ನೊಬ್ಬರು ಇದ್ದರೆ ಅವರಿಗೂ.

ಆದ್ದರಿಂದ ಎರೆಹೊಲ ಅವರೇ, ಯಾವ ರಿಗ್ ಇಟ್ಟುಕೊಂಡರೂ ಈಗಲೇ ಹೋಗಿ ಕಂಟೇನರ್‌ನ ತಳದಲ್ಲಿರುವ ಪೈಲಟ್ ಚ್ಯೂಟ್ (ಮೇನ್ ಎಳೆದು ತೆರೆಸುವ ಪುಟ್ಟ ಪ್ಯಾರಾಶೂಟ್) ಜೇಬನ್ನು ನೋಡಿ. ಎಲಾಸ್ಟಿಕ್ ಬಟ್ಟೆ ಸೊರಗಿ, ಬಾಯಿ ತೆರೆದು ನಿಂತಿದ್ದರೆ ಬದಲಾಯಿಸಿ. ಕ್ಲೋಸಿಂಗ್ ಲೂಪ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಪಿನ್ ತಾಗುವ ಜಾಗದಲ್ಲಿ ಎಳೆ ಎದ್ದಿದ್ದರೆ ಎಸೆದು ಹೊಸದು ಹಾಕಿ. ಎಂಟು ಲಕ್ಷದ ರಿಗ್ ನಿಂತಿರುವುದು ಕೆಲವೇ ರೂಪಾಯಿಯ ಆ ದಾರದ ಮೇಲೆ.

ತಿಂಗಳಿಗೊಮ್ಮೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ನೀವು ಮಾಡುತ್ತಿಲ್ಲ ಎಂದು ಪಂದ್ಯ ಕಟ್ಟುತ್ತೇನೆ. ಬಿಲ್ ಬೂತ್ 1970ರ ದಶಕದಲ್ಲಿ ರೂಪಿಸಿದ ಮೂರು ಉಂಗುರದ ಜೋಡಣೆಯಲ್ಲಿ ದೊಡ್ಡ ಉಂಗುರ ಹೊರುವ ಭಾರ ಒಂದೊಂದೇ ಉಂಗುರ ದಾಟುವಾಗ ಕಡಿಮೆಯಾಗುತ್ತಾ ಬಂದು, ಕೊನೆಗೆ ಒಂದು ತೆಳು ಕುಣಿಕೆ ಮತ್ತು ಹಳದಿ ಕೇಬಲ್ ಅದನ್ನು ಹಿಡಿದಿರುತ್ತವೆ. ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರೆ ಉಂಗುರ ಸುತ್ತಿದ ಪಟ್ಟಿ ಅದೇ ಬಾಗಿನಲ್ಲಿ ಸೆಟೆದು ನಿಲ್ಲುತ್ತದೆ. ಬೇಕಾದಾಗ ಉಂಗುರಗಳು ಸಲೀಸಾಗಿ ಮಗುಚುವುದಿಲ್ಲ. ಬಿಚ್ಚಿ, ಪಟ್ಟಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಮೆತ್ತಗೆ ಮಾಡಿ, ಹಳದಿ ಕೇಬಲ್ ಒರೆಸಿ ಎಣ್ಣೆ ಸವರಿ ಮತ್ತೆ ಜೋಡಿಸಬೇಕು. ಜಿಗಿಯದವರಿಗೇ ಇದು ಹೆಚ್ಚು ಮುಖ್ಯ.

ಕೋಟೆಮಾಳಿಗೆ, ಬೀದರ್

ಪಂದ್ಯ ನೀವೇ ಗೆದ್ದಿರಿ. ಈಗಷ್ಟೇ ಕಪಾಟು ತೆರೆದು ನೋಡಿದೆ, ನನ್ನದು ಕಟ್ಟಿಗೆಯ ಹಾಗೆ ಆಗಿದೆ.

ಬಿಸಿಲುನಾಡು, ಕಲಬುರಗಿ

ಹೆದರಿಕೆಯ ಮೇಲೆ ಹೆದರಿಕೆ. ಇನ್ನು ಸೈಪ್ರೆಸ್ ಬೇರೆ. ಸಾವಿರ ಅಡಿಯಲ್ಲಿ ತಾನಾಗಿ ಸಿಡಿಯುವ ಪೆಟ್ಟಿಗೆಗೆ ಲಕ್ಷಕ್ಕೂ ಮೇಲೆ ಸುರಿಯುವುದು ವಿದ್ಯಾರ್ಥಿಗಳಿಗೆ ಸರಿ. ಎತ್ತರ ನೋಡಿ ಹಿಡಿಕೆ ಎಳೆಯಲು ಬಾರದ ಅನುಭವಿ ಯಾರು?

ಹಗುರಹಕ್ಕಿ, ಸೇಡಂ

ಅಂಕಿಯೂ ತಪ್ಪು, ವಾದವೂ ತಪ್ಪು. ಸಾಮಾನ್ಯ ಎಕ್ಸ್‌ಪರ್ಟ್ ಮಾದರಿಯ ಸೈಪ್ರೆಸ್ ಕೆಲಸ ಮಾಡುವುದು ಸುಮಾರು 750 ಅಡಿಯಲ್ಲಿ, ಅದೂ ಬೀಳುವ ವೇಗ ಸೆಕೆಂಡಿಗೆ 35 ಮೀಟರ್ ದಾಟಿದ್ದರೆ ಮಾತ್ರ. ಸಾವಿರ ಅಡಿ ಎಂಬುದು ವಿದ್ಯಾರ್ಥಿ ಮಾದರಿಯಲ್ಲಿ, ಅರೆಬರೆ ತೆರೆದ ಕ್ಯಾನೊಪಿಯ ಕೆಳಗೆ ನಿಧಾನವಾಗಿ ಬೀಳುತ್ತಿರುವಾಗ. ರಿಸರ್ವ್ ಕಟ್ಟಿದ ಲೂಪನ್ನು ಅದು ಒಳಗಿನಿಂದ ಕತ್ತರಿಸುತ್ತದೆ, ಪಿನ್ ಎಳೆಯುವುದಿಲ್ಲ.

ಎಳೆಯಲು ಬಾರದ ಅನುಭವಿ ಯಾರು ಎಂದಿರಲ್ಲ, ಗುಂಪು ಜಿಗಿತದಲ್ಲಿ ಇನ್ನೊಬ್ಬರ ಮೊಣಕಾಲು ಹಣೆಗೆ ಬಡಿದು ಎಚ್ಚರ ತಪ್ಪಿದವರು. ಅವರು ಎಷ್ಟು ಬಲ್ಲವರಾದರೂ ಕೈ ಏಳುವುದಿಲ್ಲ. ರಿಸರ್ವ್ ತೀರಾ ಚಿಕ್ಕದಿರಬಾರದು ಎನ್ನುವುದೂ ಅದಕ್ಕೇ. ಎಚ್ಚರವಿಲ್ಲದ ಮನುಷ್ಯನನ್ನು ಅದು ತಾನೇ ನೆಲಕ್ಕೆ ತರಬೇಕು, ಫ್ಲೇರ್ ಮಾಡುವವರು ಯಾರೂ ಇರುವುದಿಲ್ಲ. 90 ಕಿಲೋಗೆ 143 ಎಂದರೆ 1.38! ಮೇನ್‌ಗಿಂತ ರಿಸರ್ವ್‌ನಲ್ಲೇ ನೀವು ಹೆಚ್ಚು ಭಾರ ಹೇರುತ್ತಿದ್ದೀರಿ ಎಂದು ಇಲ್ಲಿಯವರೆಗೆ ಒಬ್ಬರೂ ಹೇಳಲಿಲ್ಲ.

ಮೂರುಂಗುರ, ಮೂಲ ಬೀದರ್, ಈಗ ಹೈದರಾಬಾದ್

ರಿಸರ್ವ್ ಮಾತು ನೂರಕ್ಕೆ ನೂರು. ನಾನೇ ಬರೆಯಬೇಕೆಂದಿದ್ದೆ. ಒಂದು ಸೇರ್ಪಡೆ: ಸ್ವೂಪ್ ಮಾಡುವವರು ಎಕ್ಸ್‌ಪರ್ಟ್ ಮಾದರಿ ಇಟ್ಟುಕೊಳ್ಳಬಾರದು. ಚಿಕ್ಕ ಕ್ಯಾನೊಪಿಯ ಕಡಿದಾದ ತಿರುವಿನಲ್ಲೇ ಇಳಿಯುವ ವೇಗ ಆ 35 ಮೀಟರ್ ಮಿತಿಗೆ ತಾಗಬಹುದು. ಅವರಿಗೆ ಇನ್ನೂ ಹೆಚ್ಚಿನ ಮಿತಿಯ ಸ್ಪೀಡ್ ಮಾದರಿ ಇದೆ. ಇನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ "ಆಯುಷ್ಯ ಉಳಿದಿದೆ" ಎಂಬ ಮಾತು ನಂಬದೆ ತಯಾರಾದ ತಿಂಗಳು ನೋಡಿ. ಹಳೆಯ ಸೈಪ್ರೆಸ್ 2ಕ್ಕೆ ಹನ್ನೆರಡೂವರೆ ವರ್ಷ, ಹೊಸವಕ್ಕೆ ಹದಿನೈದೂವರೆ.

ಕೋಟೆಮಾಳಿಗೆ, ಬೀದರ್

ಸೈಪ್ರೆಸ್ ಎಂದ ಕೂಡಲೇ ನೆನಪಾಯಿತು, ಬಿಸಿಲಿನ ವಿಷಯ ಇಲ್ಲಿ ನಿಜವಾಗಿಯೂ ಬರುತ್ತದೆ. ಅದು ಕೆಲಸ ಮಾಡುವ ಮೇಲಿನ ಮಿತಿ 63 ಡಿಗ್ರಿ, ಇಟ್ಟುಕೊಳ್ಳುವ ಮಿತಿ 71. ಏಪ್ರಿಲ್ ಮಧ್ಯಾಹ್ನ ರಸ್ತೆ ಬದಿಗೆ ಕಾರು ನಿಲ್ಲಿಸಿ ಗಾಜು ಏರಿಸಿ ಹೋದರೆ ಒಳಗಿನ ಡ್ಯಾಶ್‌ಬೋರ್ಡ್ ಆ ಅಂಕಿಗಳನ್ನು ಸುಲಭವಾಗಿ ಮುಟ್ಟುತ್ತದೆ. ಡ್ರಾಪ್ ಝೋನ್ ಇಲ್ಲದ ಊರಲ್ಲೂ ಬಿಸಿಲು ರಿಗ್ಗನ್ನು ತಿನ್ನುತ್ತದೆ, ಬಿಸಿಲುನಾಡು ಅವರೇ. ಲೈನ್ ಕಟ್ಟುವ ರಬ್ಬರ್ ಬ್ಯಾಂಡ್‌ಗಳು ನಮ್ಮಲ್ಲಿ ಒಂದು ಬೇಸಿಗೆ ದಾಟಿದರೆ ಒಣಗಿ ಪುಡಿಯಾಗುತ್ತವೆ. ನೈಲಾನ್‌ಗೆ ನೇರ ಬಿಸಿಲು ವಿಷ. ಮಾಳಿಗೆ ಮೇಲೆ ಹರಡಿ ಮಡಚುವ ಅಭ್ಯಾಸವಿದ್ದರೆ ಇಂದೇ ಬಿಡಿ. ನಾನು ಪಡಸಾಲೆಯಲ್ಲಿ ಮಡಚುತ್ತೇನೆ. ಒಮ್ಮೆ ನೆರೆಮನೆಯ ಅಜ್ಜಿ ಇಣುಕಿ "ಮಗಳ ಮದುವೆಗೆ ಶಾಮಿಯಾನಾ ಮನೆಯಲ್ಲೇ ಹೊಲಿಯುತ್ತಿದ್ದೀರಾ?" ಎಂದು ಕೇಳಿದರು. ಹೌದೆಂದುಬಿಟ್ಟೆ. ವಿವರಿಸುವುದಕ್ಕಿಂತ ಅದು ಸುಲಭ.

ವಿಮಾನ ಪ್ರಯಾಣದ ಬಗ್ಗೆ ಯಾರೂ ಹೇಳಿಲ್ಲ. ರಿಗ್ಗನ್ನು ಕೈಚೀಲವಾಗಿಯೇ ಒಯ್ಯಿರಿ, ಸೈಪ್ರೆಸ್ ಜೊತೆ ಬರುವ ಎಕ್ಸ್-ರೇ ಚಿತ್ರದ ಕಾರ್ಡ್ ಮೇಲಿನ ಜೇಬಿನಲ್ಲೇ ಇರಲಿ. ಒಂದು ನಿಲ್ದಾಣದಲ್ಲಿ ಭದ್ರತೆಯವರು ನನ್ನ ರಿಸರ್ವ್ ಬಿಚ್ಚಿ ತೋರಿಸಿ ಎಂದು ಪಟ್ಟು ಹಿಡಿದಿದ್ದರು. ಕಾರ್ಡ್ ತೋರಿಸಿ, ಅವರ ಮೇಲಧಿಕಾರಿ ಬಂದು, ಚಹಾ ಕುಡಿದು ಮುಗಿಯುವಷ್ಟರಲ್ಲಿ ವಿಮಾನ ಹತ್ತುವ ಕೊನೆಯ ಕರೆ. ಬಿಚ್ಚಿದ್ದರೆ ಆ ಪ್ರವಾಸವೇ ಮುಗಿದಂತೆ, ಏಕೆಂದರೆ ಮತ್ತೆ ಮಡಚಲು ರಿಗ್ಗರ್ ಬೇಕು.

ಹೊಸಬ, ಶಹಾಪುರ

ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆಯಲ್ಲ, ಅಲ್ಲೇ ಜಿಗಿಯಲು ಬಿಡುವುದಿಲ್ಲವೇ? ಕೋಟೆಯ ಮೇಲೆ ಇಳಿದರೆ ಎಷ್ಟು ಚೆನ್ನ!

ಕೋಟೆಮಾಳಿಗೆ, ಬೀದರ್

ಸೇನೆಯ ಆಕಾಶ ಅದು. ಕನಸಿಗೆ ಅನುಮತಿ ಬೇಡ, ಜಿಗಿಯಲು ಬೇಕು. ಆದರೆ ಸೂರ್ಯಕಿರಣ ತಂಡದ ನೆಲೆ ನಮ್ಮೂರೇ. ಒಂಬತ್ತು ಹಾಕ್ ವಿಮಾನಗಳು ರೆಕ್ಕೆಗೆ ರೆಕ್ಕೆ ಹತ್ತಿಸಿ ಅಭ್ಯಾಸ ಮಾಡುವುದನ್ನು ಮಾಳಿಗೆಯಿಂದ ಪುಕ್ಕಟೆ ನೋಡುತ್ತೇನೆ. ಬೇರೆ ಊರಿನವರು ಏರ್ ಶೋಗೆ ಟಿಕೆಟ್ ಕೊಳ್ಳುತ್ತಾರೆ.

ಭೀಮಾತೀರ, ಯಾದಗಿರಿ

371ಜೆ ಅಡಿಯಲ್ಲಿ ಕಲ್ಯಾಣ ಕರ್ನಾಟಕಕ್ಕೊಂದು ಡ್ರಾಪ್ ಝೋನ್ ಕೇಳೋಣ.

ಬಿಸಿಲುನಾಡು, ಕಲಬುರಗಿ

ಅದಕ್ಕೆ ನನ್ನ ಸಹಿ ಮೊದಲು. ಆದರೆ ಇಳಿಯುವುದೆಲ್ಲಿ? ಬೇಸಿಗೆಯ ಎರೆಭೂಮಿಯಲ್ಲಿ ಕಾಲು ಹೂತುಹೋಗುವಷ್ಟು ಬಿರುಕು, ಮಳೆ ಬಂದರೆ ಬೂಟಿಗೆ ಒಂದೊಂದು ಕಿಲೋ ಮಣ್ಣು.

ಭೀಮಾತೀರ, ಯಾದಗಿರಿ

ಬೆಳೆ ನಿಂತ ಹೊಲದಲ್ಲಿ ಇಳಿದರೆ ಏನಾಗುತ್ತದೆ ಎಂದು ಹರಿಯಾಣದಲ್ಲಿ ನೋಡಿದ್ದೇನೆ. ಗಾಳಿ ತಿರುಗಿ ನಮ್ಮ ಗುಂಪಿನವರೊಬ್ಬರು ಸಾಸಿವೆ ಹೊಲಕ್ಕೆ ಹೋಗಿ ಬಿದ್ದರು. ಹೊಲದವರು ಕೋಲು ಹಿಡಿದು ಬಂದವರು, ಹಳದಿ ಹೂವಿನ ನಡುವೆ ನೀಲಿ ಬಟ್ಟೆ ಸುತ್ತಿಕೊಂಡು ನಿಂತವರನ್ನು ನೋಡಿ ನಕ್ಕು, ಕೊನೆಗೆ ಮಜ್ಜಿಗೆ ಕೊಟ್ಟರು. ತುಳಿದ ಸಾಸಿವೆಗೆ ನಾನು ಒತ್ತಾಯ ಮಾಡಿ ಹಣ ಕೊಡಿಸಿದೆ. ರೈತನ ಸಂಕಟ ರೈತನಿಗೆ ತಾನೇ ಗೊತ್ತು.

ಎರೆಹೊಲ, ಕಲಬುರಗಿ

ಸಾಸಿವೆಯಿಂದ ಸ್ವಲ್ಪ ನನ್ನ ರಿಗ್ ಕಡೆಗೆ ಬರೋಣವೇ? ನಿನ್ನೆ ರಾತ್ರಿ ಜೊತೆಗಾರನ ಜೊತೆ ಮಾತಾಡಿದೆ. ಹಾರ್ನೆಸ್ ಅಳತೆ ಕೇಳಿದರೆ ಅವನೇ "ನಿನಗೆ ಆಗುವುದಿಲ್ಲ" ಎಂದುಬಿಟ್ಟ. ಬಿಚ್ಚಿ ಹೊಲಿಸುವ ಖರ್ಚು, ಕಳಿಸುವ ತಾಪತ್ರಯ ಸೇರಿಸಿದರೆ ಅರ್ಧ ಬೆಲೆ ಎಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ. 170ಕ್ಕೆ ಹೊಸ ಲೈನ್ ಹಾಕಿಸುವ ಕಡೆಗೆ ವಾಲುತ್ತಿದ್ದೇನೆ. ಈಗ ಇರುವುದು ಸ್ಪೆಕ್ಟ್ರಾ ನೂಲಿನ ಲೈನ್. ಅದನ್ನೇ ಹಾಕಿಸಲೇ, ವೆಕ್ಟ್ರಾನ್ ಹಾಕಿಸಲೇ?

ಮೂರುಂಗುರ, ಮೂಲ ಬೀದರ್, ಈಗ ಹೈದರಾಬಾದ್

ಸ್ಪೆಕ್ಟ್ರಾ ಸವೆಯುವುದಕ್ಕಿಂತ ಮೊದಲು ಕುಗ್ಗುತ್ತದೆ. ಪ್ರತಿ ಸಲ ತೆರೆಯುವಾಗ ಸ್ಲೈಡರ್ (ತೆರೆಯುವುದನ್ನು ನಿಧಾನಗೊಳಿಸುವ ಬಟ್ಟೆಯ ತುಂಡು) ಉಜ್ಜಿಕೊಂಡು ಇಳಿಯುವ ಬಿಸಿಗೆ ಹೊರಗಿನ ಲೈನ್‌ಗಳು ಹೆಚ್ಚು ಗಿಡ್ಡವಾಗುತ್ತವೆ. ಬ್ರೇಕ್ ಲೈನ್ ಗಿಡ್ಡವಾಯಿತೆಂದರೆ ಟಾಗಲ್ ಮುಟ್ಟದಿದ್ದರೂ ಬಾಲ ಎಳೆದಂತೆ ಹಾರುತ್ತದೆ, ಫ್ಲೇರ್‌ನಲ್ಲಿ ಜೀವವಿರುವುದಿಲ್ಲ. "ನನ್ನ ಕ್ಯಾನೊಪಿ ಮಂಕಾಗಿದೆ, ಚಿಕ್ಕದು ಬೇಕು" ಎನ್ನುವವರಲ್ಲಿ ಅರ್ಧ ಜನರಿಗೆ ಬೇಕಾಗಿರುವುದು ಹೊಸ ಲೈನ್. ವೆಕ್ಟ್ರಾನ್ ಕುಗ್ಗುವುದಿಲ್ಲ, ಆದರೆ ಎಳೆ ಎದ್ದ ಮೇಲೆ ಹೆಚ್ಚು ದಿನ ನಂಬಬಾರದು. ವರ್ಷಕ್ಕೊಂದು ಸೀಸನ್ ಜಿಗಿಯುವ ನಿಮಗೆ ಅದು ಸರಿಯಾದೀತು. ಬೆರಳಿಗೆ ನವಿರು ಎದ್ದದ್ದು ತಾಗಿದರೆ ತಡ ಮಾಡದೆ ಬದಲಾಯಿಸಿ.

ಬಿಸಿಲುನಾಡು, ಕಲಬುರಗಿ

ಹೊಸ ಲೈನ್ ಹಾಕಿಸಿ, ಒಪ್ಪುತ್ತೇನೆ. ಆದರೆ 150 ಅಪಾಯ ಎಂದು ನಾನು ಈಗಲೂ ಒಪ್ಪುವುದಿಲ್ಲ. ಚಳಿಗಾಲದಲ್ಲಿ ಡ್ರಾಪ್ ಝೋನ್‌ನಲ್ಲೇ ಒಂದು 150 ಬಾಡಿಗೆಗೆ ಪಡೆದು, ಬೆಳಗಿನ ತಂಪಿನಲ್ಲಿ, ಭೀಮಾತೀರ ಹೇಳಿದ ಹಾಗೆ 5000 ಅಡಿಯಿಂದ ಹಾರಿಸಿ ನೋಡಿ. ನಿಮ್ಮ ಕೈಯೇ ಹೇಳುತ್ತದೆ. ಎಲ್ಲರೂ ಇಲ್ಲಿ ಕೂತು ವರ್ಗಮೂಲ ತೆಗೆದರೆ ಜಿಗಿಯುವವರು ಯಾರು?

ಮೂರುಂಗುರ, ಮೂಲ ಬೀದರ್, ಈಗ ಹೈದರಾಬಾದ್

ಇದೊಂದು ಸಲಹೆಗೆ ನನ್ನ ತಕರಾರಿಲ್ಲ.

ಹಗುರಹಕ್ಕಿ, ಸೇಡಂ

ಉಳಿದ ಹಣ ಫ್ರೀಫ್ಲೈಗೆ ಹಾಕಿ. 13000 ಅಡಿಯಿಂದ ಜಿಗಿದರೆ ಫ್ರೀಫಾಲ್ ಸಿಗುವುದು ಒಂದು ನಿಮಿಷ, ಕುಳಿತು ಹಾರುವಾಗ ಅದೂ ಇಲ್ಲ. ಹೈದರಾಬಾದಿನ ಗಾಳಿ ಸುರಂಗದಲ್ಲಿ (ಕೆಳಗಿನಿಂದ ಗಾಳಿ ಊದಿ ಮನುಷ್ಯನನ್ನು ತೇಲಿಸುವ ಕೊಳವೆ) ಹತ್ತು ನಿಮಿಷ ಕಳೆದರೆ ಹತ್ತು ಜಿಗಿತಕ್ಕೂ ಮೀರಿದ ಅಭ್ಯಾಸ, ಬೋಧಕರು ಪಕ್ಕದಲ್ಲೇ ನಿಂತು ಮೊಣಕಾಲು ತಿದ್ದುತ್ತಾರೆ. ನನಗಂತೂ ಅದು ವರವಾಯಿತು. ಹಗುರವಾಗಿರುವುದರಿಂದ ಗುಂಪಿನಲ್ಲಿ ಯಾವಾಗಲೂ ಎಲ್ಲರಿಗಿಂತ ಮೇಲೆ ತೇಲುತ್ತಾ ಉಳಿಯುತ್ತಿದ್ದೆ. ಈಗ ಸೀಸದ ಬೆಲ್ಟ್, ಬಿಗಿಯಾದ ಸೂಟ್, ಬೆನ್ನು ಗೂನು ಮಾಡದೆ ಹೊಟ್ಟೆ ಮುಂದೆ ತಳ್ಳುವ ಭಂಗಿ, ಮೂರೂ ಸೇರಿ ಕೆಳಗಿನವರ ಮಟ್ಟಕ್ಕೆ ಇಳಿದು ಕೈ ಹಿಡಿಯುತ್ತೇನೆ. ನಾಲ್ವರು ಹಿಡಿದುಕೊಂಡು, ಬಿಟ್ಟು, ಮತ್ತೆ ಹಿಡಿದುಕೊಳ್ಳುವ ಆ ಆಟದ ಸುಖವನ್ನು ಯಾವ ಚಿಕ್ಕ ಕ್ಯಾನೊಪಿಯೂ ನನಗೆ ಕೊಟ್ಟಿಲ್ಲ.

ಎರೆಹೊಲ, ಕಲಬುರಗಿ

ಸುರಂಗಕ್ಕೆ ಯಾರಾದರೂ ಬರುವಿರಾ? ಒಬ್ಬನೇ ಹೋದರೆ ದುಬಾರಿ. ಬರುವ ಭಾನುವಾರ ಬೆಳಿಗ್ಗೆ ಐದಕ್ಕೆ ಕಲಬುರಗಿಯಿಂದ ಹೊರಡುತ್ತೇನೆ, ಹುಮನಾಬಾದ್, ಜಹೀರಾಬಾದ್ ಮಾರ್ಗ. ಕಾರಿನಲ್ಲಿ ಮೂವರಿಗೆ ಜಾಗವಿದೆ.

ಕೋಟೆಮಾಳಿಗೆ, ಬೀದರ್

ನಾನು ಜಹೀರಾಬಾದ್‌ನಲ್ಲಿ ಹತ್ತಿಕೊಳ್ಳುತ್ತೇನೆ.

ಭೀಮಾತೀರ, ಯಾದಗಿರಿ

ನನಗೆ ವಾಡಿ, ತಾಂಡೂರು ಮೇಲೆ ರೈಲೇ ಸಲೀಸು. ಸುರಂಗದ ಬಾಗಿಲಲ್ಲಿ ಸಿಗುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ನನ್ನ ಪಾಲು. ಆದರೆ ಹಾರಿದ ಮೇಲೆ ತಿನ್ನಿ, ಮೊದಲೇ ತಿಂದರೆ ಜವಾಬ್ದಾರಿ ನನ್ನದಲ್ಲ.

ಬಿಸಿಲುನಾಡು, ಕಲಬುರಗಿ

ಮುಂದಿನ ಸೀಟು ನನಗೆ. ದಾರಿಯುದ್ದಕ್ಕೂ ವಿಂಗ್ ಲೋಡಿಂಗ್ ಮಾತಾಡುವವರನ್ನು ಹುಮನಾಬಾದ್‌ನಲ್ಲಿ ಇಳಿಸಲಾಗುವುದು.

ಹೊಸಬ, ಶಹಾಪುರ

ಪರವಾನಗಿ ಇಲ್ಲದವರನ್ನೂ ಸುರಂಗದಲ್ಲಿ ಬಿಡುತ್ತಾರೆಯೇ?

ಹಗುರಹಕ್ಕಿ, ಸೇಡಂ

ಬಿಡುತ್ತಾರೆ, ಬನ್ನಿ. ಲೇಸ್ ಇರುವ ಬೂಟು ಹಾಕಿಕೊಂಡು ಬನ್ನಿ, ಚಪ್ಪಲಿಯಲ್ಲಿ ಬಂದರೆ ಗಾಜಿನ ಹೊರಗೆ ನಿಂತು ನಮ್ಮನ್ನು ನೋಡಬೇಕಾಗುತ್ತದೆ.